ಮೈನಸ್ 40ರಲ್ಲಿ ತುಪ್ಪಳ: ನಾನು ವಾಪಸ್ ತಗೊಳ್ತಿರೋ ಒಂದು ಮಾತು

ಇವತ್ತಿನ ಎಪಿಸೋಡ್ ಒಂದು ತಿದ್ದುಪಡಿ.

ಎರಡು ವಾರದ ಹಿಂದೆ ಫ್ಯಾಷನ್ ಬಗ್ಗೆ ಮಾತಾಡುವಾಗ ನಾನು ಹೇಳಿದ್ದೆ: "ಈ ಕಾಲದಲ್ಲೂ ಪ್ರಾಣಿಯ ತುಪ್ಪಳ ಮೈಮೇಲೆ ಹಾಕ್ಕೊಳ್ಳೋರಿಗೆ ನಾಚಿಕೆ ಆಗ್ಬೇಕು." ಆ ಕ್ಲಿಪ್‌ಗೆ ಲೈಕ್ ಚೆನ್ನಾಗೇ ಬಂತು. ಮೂರನೇ ದಿನ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ನೋಟೂ ಬಂತು. ಕಳಿಸಿದ್ದು ನನ್ನ ದೊಡ್ಡಮ್ಮನ ಮಗಳು. ಕೆನಡಾದ ವಿನ್ನಿಪೆಗ್‌ನಲ್ಲಿ ನರ್ಸ್. ಬೆಳಗ್ಗೆ ಐದೂವರೆಗೆ ಬಸ್ ಹಿಡೀಬೇಕು.

"ಲೋ, ನಿನ್ನ ಭಾಷಣ ಕೇಳ್ದೆ. ನನ್ನ ಜಾಕೆಟ್ ಟೋಪಿಯ ಅಂಚಲ್ಲಿ ಇರೋದು ಕಯೋಟಿ ತುಪ್ಪಳ ಕಣೋ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನೀನು ಜನವರೀಲಿ ಬಾ, ಬಸ್ ಸ್ಟಾಪಲ್ಲಿ ಹತ್ತು ನಿಮಿಷ ನಿಂತ್ಕೊ. ಆಮೇಲೆ ಯಾರಿಗೆ ನಾಚಿಕೆ ಆಗ್ಬೇಕು ಅಂತ ಮಾತಾಡೋಣ."

ಕಯೋಟಿ ಅಂದ್ರೆ ತೋಳದ ಕುಲಕ್ಕೆ ಸೇರಿದ, ತೋಳಕ್ಕಿಂತ ಚಿಕ್ಕದಾದ ಒಂದು ಪ್ರಾಣಿ. ಅಕ್ಕನಿಗೆ ಏನು ಉತ್ತರ ಕೊಡೋದು ಅಂತ ನನಗೆ ಹೊಳೀಲಿಲ್ಲ. ಬೆಂಗಳೂರಲ್ಲಿ 15 ಡಿಗ್ರಿ ಆದ್ರೆ ಮಫ್ಲರ್ ಹುಡುಕೋ ಮನುಷ್ಯ ನಾನು. ಹಾಗಾಗಿ ಕೂತು ಓದಿದೆ. ಓದಿದ್ದನ್ನ ಹೇಳ್ತೀನಿ.

ಮೊದಲು ಚಳಿ. ಮೈನಸ್ 40ರ ವಿಶೇಷ ಏನಂದ್ರೆ, ಸೆಲ್ಸಿಯಸ್‌ನಲ್ಲೂ ಫ್ಯಾರನ್‌ಹೀಟ್‌ನಲ್ಲೂ ಅದು ಒಂದೇ ಅಂಕಿ. ಗಾಳಿಯ ಹೊಡೆತ ಸೇರಿ ಅಷ್ಟು ಚಳಿ ಆದಾಗ, ಮುಚ್ಚದೆ ಬಿಟ್ಟ ಚರ್ಮ 5ರಿಂದ 10 ನಿಮಿಷದಲ್ಲಿ ಹೆಪ್ಪುಗಟ್ಟೋಕೆ ಶುರುವಾಗಬಹುದು. ಅದೇ ಫ್ರಾಸ್ಟ್‌ಬೈಟ್. ಕೈಮೀರಿದ್ರೆ ಬೆರಳು ಕತ್ತರಿಸಬೇಕಾಗತ್ತೆ. ಇನ್ನು ರಷ್ಯಾದ ಯಾಕುಟ್ಸ್ಕ್ ಅನ್ನೋ ಊರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಅಲ್ಲಿ ಜನವರಿಯ ಸರಾಸರಿಯೇ ಮೈನಸ್ 38ರ ಆಸುಪಾಸು. ಅದೇ ಪ್ರಾಂತ್ಯದ ಓಯ್ಮ್ಯಾಕಾನ್‌ನಲ್ಲಿ 1933ರಲ್ಲಿ ಮೈನಸ್ 67.7 ದಾಖಲಾಗಿದೆ. ಅಂಥ ಕಡೆ ಅಗ್ಗದ ಪ್ಲಾಸ್ಟಿಕ್ಕು, ರಬ್ಬರ್ರು ಗಟ್ಟಿಯಾಗಿ ಬಿರುಕು ಬಿಡತ್ತೆ. ಅಲ್ಲಿನವರು ಹಿಮಸಾರಂಗದ ಕಾಲಿನ ಚರ್ಮದಿಂದ ಮಾಡಿದ, 'ಉಂಟಿ' ಅನ್ನೋ ಬೂಟು ಹಾಕ್ತಾರೆ. ಅದು ಅಲ್ಲಿ ಷೋಕಿಯಲ್ಲ. ನಮಗೆ ಮಳೆಗಾಲದಲ್ಲಿ ಕೊಡೆ ಇದ್ದ ಹಾಗೆ.

ತುಪ್ಪಳ ಹೇಗೆ ಕೆಲಸ ಮಾಡತ್ತೆ? ನಮ್ಮ ಕಂಬಳಿ ನೆನಪು ಮಾಡ್ಕೊಳಿ. ಮಲೆನಾಡಲ್ಲಿ ನಮ್ಮಜ್ಜ ಮಳೆಗಾಲ ಬಂತು ಅಂದ್ರೆ ಕಂಬಳಿ ಕೊಪ್ಪೆ ಹಾಕ್ಕೊಂಡೇ ಗದ್ದೆಗೆ ಹೋಗ್ತಿದ್ರು. ಕಂಬಳಿ ಬಿಸಿ ಕೊಡಲ್ಲ, ಮೈಯ ಬಿಸಿಯನ್ನ ಹೊರಗೆ ಬಿಡಲ್ಲ, ಅಷ್ಟೇ. ಕೂದಲುಗಳ ನಡುವೆ ಸಿಕ್ಕಿಕೊಂಡ ಗಾಳಿ ಆ ಕೆಲಸ ಮಾಡತ್ತೆ. ಕೆನಡಾದ ಉತ್ತರದಲ್ಲಿರೋ ಹಿಮಸಾರಂಗ, ಅಂದ್ರೆ ಕ್ಯಾರಿಬೂ, ಇದರಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಅದರ ಹೊರಗೂದಲಿನ ಒಳಗೇ ಗಾಳಿ ತುಂಬಿರತ್ತೆ.

ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನ ಎರಡು ಅಂಗಿ ಹೊಲೀತಿದ್ರು. ಒಳಗಿನದು ಕೂದಲು ಮೈ ಕಡೆ ಮಾಡಿ, ಹೊರಗಿನದು ಕೂದಲು ಆಚೆ ಮಾಡಿ. ಎರಡೂ ಸಡಿಲ. ಯಾಕಂದ್ರೆ ಅಂಥ ಚಳಿಯಲ್ಲಿ ಬೆವರೂ ಒಂದು ಶತ್ರು. ಬೆವರಿ ಬಟ್ಟೆ ಒದ್ದೆಯಾದ್ರೆ, ಆಮೇಲೆ ಅದೇ ಮಂಜುಗಡ್ಡೆ ಆಗತ್ತೆ. ಮುಖದ ಸುತ್ತ ವುಲ್ವರಿನ್ ಅನ್ನೋ ಪ್ರಾಣಿಯ ತುಪ್ಪಳ ಇಟ್ಟು ಹೊಲಿಯೋದಕ್ಕೂ ಕಾರಣ ಇದೆ. ಉಸಿರಿನ ತೇವ ಅದರ ಮೇಲೆ ಮಂಜಾಗಿ ಕೂತ್ರೂ ಕೈಯಲ್ಲಿ ಒರೆಸಿದ್ರೆ ಉದುರಿ ಹೋಗತ್ತೆ. ಅಕ್ಕನ ಜಾಕೆಟ್‌ನ ಅಂಚೂ ಇದೇ ಜಾತಿಯ ಉಪಾಯ. ಗಾಳಿ ನೇರವಾಗಿ ಮುಖಕ್ಕೆ ಹೊಡೆಯದ ಹಾಗೆ ತಡೆಯತ್ತೆ.

ನಾರ್ವೆಯ ರೋಆಲ್ಡ್ ಅಮುಂಡ್‌ಸೆನ್ 1903ರಲ್ಲಿ ಹೊರಟ ಯಾನದಲ್ಲಿ ಎರಡು ಚಳಿಗಾಲ ಇನ್ಯುಯಿಟ್ ಜನರ ಹತ್ತಿರ ಕಳೆದು, ಈ ಬಟ್ಟೆಯ ಮರ್ಮ ಕಲಿತ. 1911ರ ಡಿಸೆಂಬರ್ 14ಕ್ಕೆ ದಕ್ಷಿಣ ಧ್ರುವಕ್ಕೆ ಮೊದಲು ಕಾಲಿಟ್ಟಿದ್ದು ಅವನ ತಂಡ. ತುಪ್ಪಳದ ಬಟ್ಟೆ ಅವರ ಜೊತೆಗಿತ್ತು.

ಹಾಗಾದ್ರೆ ತುಪ್ಪಳ ಸರಿ ಅಂತಾಯ್ತಾ? ಇಲ್ಲ, ನಿಲ್ಲಿ.

ನಾನು ಬಿ.ಕಾಂ. ಮಾಡಿದವನು. ಕಾಸ್ಟ್ ಅಕೌಂಟಿಂಗ್‌ನಲ್ಲಿ ನನಗೆ ನೆನಪಿರೋದು ಒಂದೇ ಪಾಠ. ಒಂದು ಖರ್ಚು ನಿನ್ನ ಪುಸ್ತಕದಲ್ಲಿ ಕಾಣಲಿಲ್ಲ ಅಂದ್ರೆ ಅದು ಇಲ್ಲ ಅಂತಲ್ಲ, ಬೇರೆ ಯಾರದೋ ಪುಸ್ತಕಕ್ಕೆ ಹೋಗಿದೆ ಅಂತ.

ಫ್ಯಾಷನ್ ತುಪ್ಪಳದ ಖರ್ಚು ಪ್ರಾಣಿಯ ಪುಸ್ತಕಕ್ಕೆ ಹೋಗತ್ತೆ. ಮಿಂಕ್ ಅನ್ನೋ ಚಿಕ್ಕ ಪ್ರಾಣಿಯನ್ನ ತಂತಿಯ ಗೂಡಲ್ಲಿ ಸಾಕಿ, ಚರ್ಮಕ್ಕೋಸ್ಕರವೇ ಕೊಲ್ತಾರೆ. 2020ರ ನವೆಂಬರ್‌ನಲ್ಲಿ, ಕೋವಿಡ್ ವೈರಸ್ ಮಿಂಕ್‌ಗಳಲ್ಲಿ ರೂಪ ಬದಲಿಸಿ ಮನುಷ್ಯರಿಗೆ ಬಂತು ಅಂತ ಡೆನ್ಮಾರ್ಕ್ ಸರ್ಕಾರ ದೇಶದ ಎಲ್ಲಾ ಮಿಂಕ್‌ಗಳನ್ನೂ ಕೊಲ್ಲೋಕೆ ಹೇಳ್ತು. ಆಗ ಅಲ್ಲಿದ್ದದ್ದು 1.5 ಕೋಟಿಗೂ ಹೆಚ್ಚು. ಅಷ್ಟು ಜೀವ ಅಲ್ಲಿದ್ದದ್ದು ಕೋಟಿನ ಸಲುವಾಗಿ. ಇದರ ಬಗ್ಗೆ ನನ್ನ ಮಾತು ಬದಲಾಗಿಲ್ಲ.

ಆದರೆ 'ಎಲ್ಲಾ ತುಪ್ಪಳನೂ ತಪ್ಪು' ಅಂದಾಗ ಖರ್ಚು ಇನ್ನೊಬ್ಬರ ಪುಸ್ತಕಕ್ಕೆ ಹೋಗತ್ತೆ. 1983ರಲ್ಲಿ ಯುರೋಪ್ ಸೀಲ್ ಮರಿಗಳ ಚರ್ಮದ ಆಮದು ನಿಲ್ಲಿಸ್ತು. ಇನ್ಯುಯಿಟ್ ಬೇಟೆಗೆ ವಿನಾಯಿತಿ ಇತ್ತು. ಆದರೆ ಅಂಗಡಿಯಲ್ಲಿ ಕೊಳ್ಳೋರಿಗೆ ವಿನಾಯಿತಿಯ ಅಕ್ಷರ ಕಾಣಲ್ಲ. 'ಸೀಲ್' ಅಂದ್ರೇ ಬೇಡ ಅಂದ್ರು. ಬೆಲೆ ಕುಸೀತು. ಇನ್ಯುಯಿಟ್ ಜನ ಸೀಲ್‌ನ ಮಾಂಸ ತಿಂದು, ಮಿಕ್ಕ ಚರ್ಮ ಮಾರಿ ಬಂದ ದುಡ್ಡಲ್ಲೇ ಮುಂದಿನ ಬೇಟೆಯ ಪೆಟ್ರೋಲು, ಗುಂಡು ಕೊಳ್ತಿದ್ರು. ಅವರ ಊರುಗಳಿಗೆ ದಿನಸಿ ಬರಬೇಕಂದ್ರೆ ವಿಮಾನ ಇಲ್ಲಾ ಹಡಗು, ಬೆಲೆಯೋ ಗಗನ. 2009ರಲ್ಲಿ ಯುರೋಪಿಯನ್ ಯೂನಿಯನ್ ಸೀಲ್ ವ್ಯಾಪಾರವನ್ನೇ ನಿಷೇಧಿಸ್ತು. ಮತ್ತೆ ವಿನಾಯಿತಿ, ಮತ್ತೆ ಅದೇ ಕಥೆ. ಅಲ್ಲಿನವರೇ ಆದ ಅಲೆಥಿಯಾ ಅರ್ನಾಕುಕ್-ಬಾರಿಲ್ ಈ ಬಗ್ಗೆ 2016ರಲ್ಲಿ 'ಆಂಗ್ರಿ ಇನುಕ್' ಅನ್ನೋ ಡಾಕ್ಯುಮೆಂಟರಿ ಮಾಡಿದ್ದಾರೆ. ನೋಡಿ.

ಸಿಂಥೆಟಿಕ್ ಹಾಕಿದ್ರಾಯ್ತಲ್ಲ ಅಂತೀರಾ? ನಕಲಿ ತುಪ್ಪಳ ಬಹುಪಾಲು ಅಕ್ರಿಲಿಕ್, ಅಂದ್ರೆ ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ಒಗೆದಾಗೆಲ್ಲ ಎಳೆ ಉದುರಿ ನೀರಿಗೆ ಸೇರತ್ತೆ. ಆ ಖರ್ಚು ನದಿ, ಸಮುದ್ರದ ಪುಸ್ತಕಕ್ಕೆ. ಹಾಗಂತ ತುಪ್ಪಳ ಬಿಟ್ರೆ ಗತಿಯಿಲ್ಲ ಅಂತಲೂ ಅಲ್ಲ. ಇವತ್ತು ಅಂಟಾರ್ಕ್ಟಿಕಾದಲ್ಲಿ ವಿಜ್ಞಾನಿಗಳು ಬೇರೆ ಥರದ ಜಾಕೆಟ್‌ಗಳಲ್ಲೇ ಕೆಲಸ ಮಾಡ್ತಾರೆ. ಕಯೋಟಿ ಅಂಚಿನ ಜಾಕೆಟ್‌ಗೆ ಹೆಸರಾಗಿದ್ದ ಕೆನಡಾ ಗೂಸ್ ಕಂಪನಿಯೇ ತುಪ್ಪಳ ಕೈಬಿಡ್ತೀವಿ ಅಂತ 2021ರಲ್ಲಿ ಘೋಷಿಸ್ತು.

ಇಷ್ಟನ್ನೂ ಹೇಳೋಣ ಅಂತ ಅಕ್ಕನಿಗೆ ಫೋನ್ ಮಾಡ್ದೆ. ಅವಳು ಗೆದ್ದೆ ಅಂತ ಬೀಗ್ಲಿಲ್ಲ. "ಆ ಕಯೋಟಿ ಬೋನಿಗೆ ಸಿಕ್ಕು ಎಷ್ಟು ಹೊತ್ತು ಒದ್ದಾಡ್ತೋ ಅಂತ ನಂಗೂ ಒಂದೊಂದ್ಸಲ ಅನ್ಸತ್ತೆ ಕಣೋ. ಅದಕ್ಕೇ ಹೊಸದು ತಗೊಳ್ಳಲಿಲ್ಲ. ಆದ್ರೆ ಮೊದಲ ವರ್ಷ ತೆಳು ಜಾಕೆಟ್ ಹಾಕ್ಕೊಂಡು ಹೋಗಿ, ಕೆನ್ನೆ ಮರಗಟ್ಟಿ, ಬಸ್ಸಲ್ಲಿ ಕೂತು ಅತ್ತಿದ್ದೆ. ಅದನ್ನ ಅಮ್ಮಂಗೂ ಹೇಳಿರ್ಲಿಲ್ಲ."

ನಾನು ನಾಚಿಕೆ ಆಗ್ಬೇಕು ಅಂದಿದ್ದು ಇವಳಿಗೂ ಸೇರಿಸಿ. ಒಂದು ಸೀಲ್‌ನ ಮಾಂಸ, ಚರ್ಮ ಎರಡನ್ನೂ ಬಳಸಿ ಮೈನಸ್ 40ರಲ್ಲಿ ಬದುಕೋ ಕುಟುಂಬಕ್ಕೂ ಸೇರಿಸಿ. ಆ ಮಾತನ್ನ ವಾಪಸ್ ತಗೊಳ್ತೀನಿ.

ಇನ್ಮೇಲೆ ತುಪ್ಪಳ ಕಂಡಾಗ ನಾನು ಕೇಳೋದು ಮೂರು ಪ್ರಶ್ನೆ. ಅಲ್ಲಿ ಚಳಿ ಎಷ್ಟು? ಪ್ರಾಣಿಯನ್ನ ಚರ್ಮಕ್ಕೆ ಮಾತ್ರ ಕೊಂದಿದ್ದಾ? ಬೇಡ ಅಂದ್ರೆ ನಷ್ಟ ಯಾರಿಗೆ? ಮಿಲಾನ್‌ನ ಫ್ಯಾಷನ್ ಷೋಗೆ, ಎಸಿ ಹಾಕಿದ ಮದುವೆ ಹಾಲ್‌ಗೆ ಉತ್ತರ ಸುಲಭ. ಓಯ್ಮ್ಯಾಕಾನ್‌ಗೆ ಬೆಂಗಳೂರಲ್ಲಿ ಕೂತು ಉತ್ತರ ಹೇಳೋಕೆ ನಾನ್ಯಾರು?

ಈ ವರ್ಷ ಕೆನಡಾಗೆ ಓದೋಕೆ ಹೊರಟಿರೋರಿಗೆ ಅಕ್ಕ ಹೇಳಿದ್ದು ಇಷ್ಟು: ಒಂದು ದಪ್ಪ ಅಂಗಿಗಿಂತ ಮೂರು ಪದರ ಮೇಲು. ಮೈಗೆ ತಾಗೋ ಪದರ ಕಾಟನ್ ಬೇಡ, ಬೆವರು ಹೀರಿ ಒದ್ದೆಯಾಗೇ ಇರತ್ತೆ, ಉಣ್ಣೆ ಇರಲಿ. ಬೂಟು ಬಿಗಿ ಇರಬಾರದು. ಜಾಕೆಟ್ ಅಲ್ಲೇ ಹೋಗಿ ಸೆಕೆಂಡ್ ಹ್ಯಾಂಡ್ ಅಂಗಡೀಲಿ ನೋಡಿ.

ಫೋನ್ ಇಡೋ ಮುಂಚೆ, "ಅದೆಲ್ಲಾ ಇರ್ಲಿ, ನೀನು ಬರೋದು ಯಾವಾಗ?" ಅಂದಳು.

"ಜುಲೈನಲ್ಲಿ ಬರ್ತೀನಿ ಅಕ್ಕ" ಅಂದೆ.

ನಿಮ್ಮ ಅಭಿಪ್ರಾಯ ವಾಯ್ಸ್ ನೋಟಲ್ಲಿ ಕಳಿಸಿ. ಬೈಯೋದಿದ್ರೂ ಪರ್ವಾಗಿಲ್ಲ, ಕಲಿಯೋಕೆ ಸಿಗತ್ತೆ. ಮುಂದಿನ ವಾರ ಸಿಗೋಣ.