ಪೇಟೆಂಟ್ ಎಂದರೆ ತೆರೆದದ್ದು
(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮ್ಮನ್ನು ಕೇಳಿದ್ದರು. ಆದರೆ ಒಳಗಿನಿಂದ ಬಿಸಿಬೇಳೆ ಭಾತಿನ ಘಮಘಮ ಬರುತ್ತಿರುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಶುರು ಮಾಡಿದರೆ ಅಡುಗೆ ಮಾಡಿದ ತಾಯಂದಿರು ನಮ್ಮನ್ನು ಕ್ಷಮಿಸಲಾರರು. ಆದ್ದರಿಂದ ಇಂದು ಎರಡು ಯಂತ್ರೋಪಾಯಗಳ ಕತೆ ಹೇಳುತ್ತೇವೆ. ಈ ಸಭೆಯಲ್ಲಿ ಅರ್ಧಕ್ಕರ್ಧ ಮಂದಿ ಎಂಜಿನಿಯರುಗಳು. ಕೆಲವರ ಹೆಸರಿನಲ್ಲಿ ಪೇಟೆಂಟುಗಳೂ ಇವೆ. ಸೂಜಿ ಚುಚ್ಚುವವರು ಸರ್ಕ್ಯೂಟಿನ ವಿಷಯಕ್ಕೆ ಕೈ ಹಾಕಿದ್ದಾರೆ, ತಪ್ಪಿದ್ದರೆ ಊಟದ ಸಮಯದಲ್ಲಿ ತಿದ್ದಬೇಕಾಗಿ ವಿನಂತಿ.

ಮೊದಲು ಆ ಮಾತನ್ನೇ ನೋಡೋಣ. ಹುಟ್ಟಿದ ಮಗುವಿನ ಹೃದಯದ ಬಳಿ ತಾನಾಗಿ ಮುಚ್ಚಿಕೊಳ್ಳಬೇಕಾದ ಒಂದು ನಾಳವಿದೆ. ಅದು ತೆರೆದೇ ಉಳಿದರೆ ನಾವು ವೈದ್ಯರು ಅದನ್ನು 'ಪೇಟೆಂಟ್ ಡಕ್ಟಸ್' ಎನ್ನುತ್ತೇವೆ. ಪೇಟೆಂಟ್ ಎಂದರೆ ತೆರೆದದ್ದು. ಲ್ಯಾಟಿನ್ ಮೂಲದಲ್ಲೂ ಅದೇ ಅರ್ಥ. ಆದರೆ ಎಂಬಿಬಿಎಸ್ ಮುಗಿಸಿ, ಈ ದೇಶಕ್ಕೆ ಬಂದು, ರೆಸಿಡೆನ್ಸಿ ಮುಗಿಸುವವರೆಗೂ ನಾವು ಪೇಟೆಂಟ್ ಎಂದರೆ ಬೀಗ ಹಾಕಿಟ್ಟ ಗುಟ್ಟು ಎಂದೇ ತಿಳಿದಿದ್ದೆವು. ನಿಜದಲ್ಲಿ ಅದು ಸರಕಾರ ಸಂಶೋಧಕನೊಡನೆ ಮಾಡಿಕೊಳ್ಳುವ ಒಂದು ಕರಾರು. "ನಿನ್ನ ಉಪಾಯವನ್ನು, ಆ ಕಸುಬು ಬಲ್ಲ ಇನ್ನೊಬ್ಬ ಓದಿ ಮಾಡುವಷ್ಟು ಬಿಡಿಸಿ ಬರೆದುಕೊಡು. ನಿನ್ನ ಅಪ್ಪಣೆಯಿಲ್ಲದೆ ಇಷ್ಟು ವರ್ಷ ಬೇರೆಯವರು ಅದನ್ನು ಬಳಸದಂತೆ ತಡೆಯುವ ಹಕ್ಕು ನಿನಗೆ. ಆಮೇಲೆ ಅದು ಎಲ್ಲರದು." ಅಮೆರಿಕದಲ್ಲಿ ಈ ಅವಧಿ ಹಿಂದೆ ಪೇಟೆಂಟ್ ಕೊಟ್ಟ ದಿನದಿಂದ 17 ವರ್ಷ ಇತ್ತು; 1995ರಿಂದ ಅರ್ಜಿ ಹಾಕಿದ ದಿನದಿಂದ 20 ವರ್ಷವಾಗಿದೆ.

ಮೊದಲನೆಯ ಕತೆ ಅಲಾಸ್ಕದ್ದು. ಅಲ್ಲಿ ಬಹುಭಾಗದ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಹೆಪ್ಪುಗಟ್ಟಿರುವಷ್ಟು ದಿನ ಅದು ಬಂಡೆಯಂತೆ ಗಟ್ಟಿ. ಅದರ ಮೇಲೆ ಮನೆ ಕಟ್ಟಿ ಒಳಗೆ ಬೆಚ್ಚಗೆ ಬೆಂಕಿ ಹಾಕಿದರೆ ಅಡಿಯ ನೆಲ ಕರಗಿ ಕೆಸರಾಗಿ ಮನೆಯೇ ವಾಲುತ್ತದೆ. ಅಂದರೆ ಅಲ್ಲಿ ಮನೆ ನಿಲ್ಲಬೇಕಾದರೆ ನೆಲವನ್ನು ತಂಪಾಗಿಡಬೇಕು! ಇದಕ್ಕೆ ಅರ್ವಿನ್ ಲಾಂಗ್ ಎಂಬ ಎಂಜಿನಿಯರ್ ಒಂದು ಉಪಾಯ ಕಂಡುಹಿಡಿದು 1965ರಲ್ಲಿ ಪೇಟೆಂಟ್ ಪಡೆದರು.

ಎರಡೂ ತುದಿ ಮುಚ್ಚಿದ ಒಂದು ಕೊಳವೆ. ಕೆಳಗಿನ ಭಾಗ ನೆಲದಲ್ಲಿ, ಮೇಲಿನ ಭಾಗ ಗಾಳಿಯಲ್ಲಿ. ಒಳಗೆ ಸುಲಭವಾಗಿ ಆವಿಯಾಗುವ ಒಂದು ದ್ರವ. ಚಳಿಗಾಲದಲ್ಲಿ ಗಾಳಿ ನೆಲಕ್ಕಿಂತ ಎಷ್ಟೋ ತಣ್ಣಗಿರುತ್ತದಲ್ಲವೇ? ಆಗ ತಳದ ದ್ರವ ನೆಲದ ಶಾಖ ಹೀರಿ ಆವಿಯಾಗಿ ಮೇಲೇರುತ್ತದೆ, ಅಲ್ಲಿ ಶಾಖವನ್ನು ಗಾಳಿಗೆ ಕೊಟ್ಟು ಹನಿಯಾಗಿ ಕೊಳವೆಯ ಗೋಡೆಗುಂಟ ಕೆಳಗಿಳಿಯುತ್ತದೆ, ಮತ್ತೆ ಶಾಖ ಹೀರುತ್ತದೆ. ಇಂಜೆಕ್ಷನ್ನಿಗೆ ಮುಂಚೆ ಸ್ಪಿರಿಟ್ ಹತ್ತಿ ಒರೆಸಿದಾಗ ತೋಳು ತಣ್ಣಗಾಗುವುದೂ, ನಮ್ಮೂರಿನ ಮಣ್ಣಿನ ಹೂಜಿಯ ನೀರು ತಂಪಾಗುವುದೂ ಆವಿಯಾಗುವಿಕೆಯ ಇದೇ ಗುಣದಿಂದ. ಬೇಸಿಗೆಯಲ್ಲಿ ಮೇಲಿನ ತುದಿಯೇ ಬಿಸಿಯಾಗುವುದರಿಂದ ಆವಿ ಹನಿಯಾಗುವುದಿಲ್ಲ. ಕೆಲಸ ತಾನಾಗಿ ನಿಲ್ಲುತ್ತದೆ. ಹೊರಗಿನ ಶಾಖ ಈ ದಾರಿಯಲ್ಲಿ ನೆಲಕ್ಕೆ ಇಳಿಯುವುದೇ ಇಲ್ಲ. ನಮ್ಮ ಹೃದಯದ ಕವಾಟದಂತೆ ಒಂದೇ ದಿಕ್ಕಿನ ಬಾಗಿಲು. ಮೋಟಾರಿಲ್ಲ, ಕರೆಂಟಿಲ್ಲ.

ಇದೇ ತತ್ತ್ವದ, ಅಮೋನಿಯ ತುಂಬಿದ ಸುಮಾರು 1,24,000 ಕೊಳವೆಗಳು ಅಲಾಸ್ಕದ 800 ಮೈಲಿ ಉದ್ದದ ಎಣ್ಣೆ ಪೈಪ್‌ಲೈನಿನ ಕಂಬಗಳಲ್ಲಿ ನಿಂತು, ಕಾಲಡಿಯ ನೆಲ ಕರಗದಂತೆ ಕಾಯುತ್ತಿವೆ. ಆ ಪೈಪಿನಲ್ಲಿ 1977ರಲ್ಲಿ ಎಣ್ಣೆ ಹರಿಯತೊಡಗಿತು. 2006ರಲ್ಲಿ ಆರಂಭವಾದ ಟಿಬೆಟ್ ರೈಲು ಮಾರ್ಗದ ಅಂಚಿನಲ್ಲೂ ಇಂಥ ಕೊಳವೆಗಳಿವೆ. ಅಷ್ಟು ದೂರವೇಕೆ, ತಾವು ಮಡಿಲಲ್ಲಿಟ್ಟುಕೊಳ್ಳುವ ಎಷ್ಟೋ ಲ್ಯಾಪ್‌ಟಾಪುಗಳ ಹೊಟ್ಟೆಯಲ್ಲಿ ಇದರ ಪುಟ್ಟ ತಮ್ಮನೊಬ್ಬನಿದ್ದಾನೆ. ಚಿಪ್ಪಿನ ಶಾಖವನ್ನು ಹೊರಗೆ ಸಾಗಿಸುವುದು ಅವನ ಕೆಲಸ.

ಕಂಪ್ಯೂಟರಿನ ಮಾತು ಬಂದದ್ದರಿಂದ ಎರಡನೆಯ ಕತೆಗೆ ಬರೋಣ. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಎಂಬ ತರುಣರಿಗೆ ಒಂದು ಕೆಲಸ ಬಿತ್ತು: ಕಟ್ಟಡದಲ್ಲಿರುವ ಕಂಪ್ಯೂಟರುಗಳೆಲ್ಲ ಒಂದೇ ತಂತಿಯ ಮೇಲೆ ಮಾಹಿತಿ ಹಂಚಿಕೊಳ್ಳಬೇಕು. ಒಂದೇ ತಂತಿ, ಹತ್ತಾರು ಬಾಯಿ. ನಮ್ಮ ಕಾರ್ಯಕಾರಿ ಸಮಿತಿಯ ಸಭೆಗೆ ಬಂದವರಿಗೆ ಈ ಸಮಸ್ಯೆಯನ್ನು ವಿವರಿಸಬೇಕಾಗಿಲ್ಲ! ಅವರಿಗೆ ದಾರಿ ತೋರಿದ್ದು ಹವಾಯಿ ವಿಶ್ವವಿದ್ಯಾಲಯದ 'ಅಲೋಹಾ' ರೇಡಿಯೋ ಜಾಲ. ಪರಿಹಾರ ಸರಳ. ಮಾತಾಡುವ ಮುಂಚೆ ಕೇಳು, ತಂತಿ ಸುಮ್ಮನಿದ್ದರೆ ಮಾತ್ರ ಮಾತಾಡು. ಇಬ್ಬರು ಒಟ್ಟಿಗೆ ಬಾಯಿ ತೆರೆದು ಡಿಕ್ಕಿಯಾದರೆ ಇಬ್ಬರೂ ನಿಲ್ಲಿಸಿ. ಒಬ್ಬೊಬ್ಬರೂ ಲೆಕ್ಕವಿಲ್ಲದಷ್ಟು ಹೊತ್ತು, ಅಂದರೆ ಚೀಟಿ ಎತ್ತಿದಂತೆ ಬಂದಷ್ಟು ಹೊತ್ತು, ಕಾದು ಮತ್ತೆ ಪ್ರಯತ್ನಿಸಿ. ಮೆಟ್‌ಕಾಫ್, ಬಾಗ್ಸ್, ಥ್ಯಾಕರ್, ಲ್ಯಾಂಪ್ಸನ್ ಈ ನಾಲ್ವರ ಹೆಸರಿನಲ್ಲಿ 1977ರ ಡಿಸೆಂಬರಿನಲ್ಲಿ ಪೇಟೆಂಟ್ ಬಂತು. ಅದೇ ಈಥರ್ನೆಟ್.

ಇನ್ನು ಮುಂದಿನದು ನಮಗೆ ಹೆಚ್ಚು ಹಿಡಿಸಿದ ಭಾಗ. ಪೇಟೆಂಟ್ ಕೈಯಲ್ಲಿದ್ದರೂ ಜೆರಾಕ್ಸ್ ಅದನ್ನು ಬಚ್ಚಿಡಲಿಲ್ಲ. 1980ರಲ್ಲಿ ಡಿಜಿಟಲ್ ಮತ್ತು ಇಂಟೆಲ್ ಕಂಪನಿಗಳ ಜೊತೆಗೂಡಿ ವಿವರಗಳನ್ನೆಲ್ಲ ಪ್ರಕಟಿಸಿತು. ಅಲ್ಪ ಶುಲ್ಕಕ್ಕೆ ಯಾರು ಬೇಕಾದರೂ ಮಾಡಬಹುದು ಎಂದಿತು. 1983ರ ಹೊತ್ತಿಗೆ ಅದು ಎಲ್ಲರೂ ಒಪ್ಪಿದ ಮಾನದಂಡವಾಯಿತು. ಯಾರು ಮಾಡಿದ ಯಂತ್ರವಾದರೂ ಇನ್ನೊಬ್ಬರ ಯಂತ್ರದೊಡನೆ ಮಾತಾಡತೊಡಗಿತು. ಎದುರಾಳಿಗಳು ಹಲವರಿದ್ದರು, ಉಳಿದದ್ದು ಈಥರ್ನೆಟ್. ಇಂದು ಸ್ವಿಚ್ಚುಗಳು ಬಂದು ಡಿಕ್ಕಿಯ ಮಾತು ಬಹುಮಟ್ಟಿಗೆ ಇಲ್ಲವಾದರೂ ಹೆಸರು ಅದೇ ಇದೆ. ಊರಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಇನ್ನೂ ಹಸಿಯಾಗಿದ್ದ ಎಕ್ಸ್‌ರೇ ಫಿಲ್ಮನ್ನು ಕೈಯಲ್ಲಿ ಹಿಡಿದು ಮೂರು ಮಹಡಿ ಓಡುತ್ತಿದ್ದ ನಮಗೆ, ಇಲ್ಲಿ ರೋಗಿ ವಾರ್ಡಿಗೆ ಮರಳುವ ಮುಂಚೆಯೇ ಸಿ.ಟಿ. ಚಿತ್ರ ಕಣ್ಣ ಮುಂದೆ ಬಂದಾಗ, ಆ ತಂತಿಗೆ ಕೈ ಮುಗಿಯಬೇಕೆನಿಸಿತ್ತು.

ಲಾಂಗರ ಪೇಟೆಂಟಿನ ಅವಧಿ 1982ರಲ್ಲಿ, ಈಥರ್ನೆಟ್ಟಿನದು 1994ರಲ್ಲಿ ಮುಗಿಯಿತು. ಹಕ್ಕು ಹೋಯಿತು, ಬರಹ ಉಳಿಯಿತು. ಯಾರು ಬೇಕಾದರೂ ಇಂದು ಅದನ್ನು ಓದಬಹುದು.

ಬರಹ ಉಳಿಯುವುದರ ಬೆಲೆ ಎಷ್ಟೆಂಬುದನ್ನು ನಮಗೆ ಕಲಿಸಿದ್ದು ಅರಿಶಿನ. ಗಾಯ ಮಾಯಿಸಲು ಅರಿಶಿನ ಬಳಸುವ ಬಗೆಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಗಾಯಕ್ಕೆ ಅರಿಶಿನ ಮೆತ್ತದ ಅಜ್ಜಿ ನಮ್ಮಲ್ಲಿ ಯಾರಿಗಿದ್ದಾರೆ? ಆದರೆ ಆಗಿನ ಇಲ್ಲಿಯ ಕಾನೂನಿನಂತೆ ಪರದೇಶದ ಬರಿಯ ಬಳಕೆ ಸಾಕ್ಷಿಯಾಗದು, ಅಚ್ಚಾಗಿರಬೇಕು. ಭಾರತದ ಸಿ.ಎಸ್.ಐ.ಆರ್. ಸಂಸ್ಥೆ ಹಳೆಯ ಸಂಸ್ಕೃತ ಗ್ರಂಥವನ್ನೂ, ಭಾರತೀಯ ವೈದ್ಯರ ಪತ್ರಿಕೆಯಲ್ಲಿ 1953ರಲ್ಲಿ ಬಂದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದು ಅಜ್ಜಿಯರ ಕೈಗುಣವಲ್ಲ, ಯಾರೋ ಪುಣ್ಯಾತ್ಮರು ಬರೆದಿಟ್ಟ ಅಕ್ಷರ.

ಈ ಮಾತು ಹೇಳುವಾಗ ನಮಗೆ ನೆನಪಾಗುವವರು ಮಲೆನಾಡಿನ ನಮ್ಮ ಅಜ್ಜಯ್ಯ. ಅವರು ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಬೆಳಗಿನ ಜಾವ ಹಿತ್ತಿಲ ಕಾಡಿಗೆ ಒಬ್ಬರೇ ಹೋಗಿ ಯಾವುದೋ ಬೇರು ತಂದು, ಅರೆದು, ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದರು. ಯಾರ ಕೈಯಿಂದಲೂ ಕಾಸು ಮುಟ್ಟಲಿಲ್ಲ. ಯಾವ ಬೇರೆಂದು ಕೇಳಿದರೆ, "ಹೇಳಿದರೆ ಮದ್ದಿನ ಗುಣ ಹೋಗ್ತದೆ ಮಗಾ" ಎನ್ನುತ್ತಿದ್ದರು. ನಾವು ಮೊಮ್ಮಕ್ಕಳು ಮೆಡಿಕಲ್ ಕಾಲೇಜು ಸೇರಿದ ಹೊಸತರಲ್ಲಿ ಅದನ್ನು ಕೇಳಿ ನಕ್ಕೆವು. ವೈರಸ್ಸಿನಿಂದ ಬಂದ ಕಾಮಾಲೆ ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆವಲ್ಲ! ನಕ್ಕ ಮೇಲೆ ಅವರು ನಮ್ಮ ಮುಂದೆ ಆ ಮಾತೇ ಎತ್ತಲಿಲ್ಲ. ಕೇಳಿ ತಿಳಿಯಬೇಕೆಂಬ ಬುದ್ಧಿ ನಮಗೆ ಬರುವಷ್ಟರಲ್ಲಿ ಅವರಿರಲಿಲ್ಲ.

ಆ ಬೇರಿನಲ್ಲಿ ಗುಣವಿತ್ತೇ? ಇಲ್ಲದೆಯೂ ಇದ್ದಿರಬಹುದು, ಕೆಡುಕೇ ಇದ್ದಿರಬಹುದು. ಬರೆದಿಟ್ಟಿದ್ದರೆ ಪರೀಕ್ಷಿಸಿ ಹೌದೆನ್ನಬಹುದಿತ್ತು, ಅಲ್ಲವೆನ್ನಬಹುದಿತ್ತು. ಈಗ ಎರಡೂ ಸಾಧ್ಯವಿಲ್ಲ. ಗುಟ್ಟು ಕಾಪಾಡಿದ ಅಜ್ಜಯ್ಯನ ತಪ್ಪಿಗಿಂತ, ನಕ್ಕ ನಮ್ಮ ತಪ್ಪೇ ದೊಡ್ಡದು.

ಆದ್ದರಿಂದ ಈ ಶುಭದಿನದಂದು ನಮ್ಮದೊಂದು ವಿನಂತಿ. ಮುಂದಿನ ವಾರ್ಷಿಕೋತ್ಸವದ ಒಳಗೆ ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರೊಬ್ಬರಿಗೆ ಫೋನ್ ಮಾಡಿ, ಅವರಿಗೆ ಮಾತ್ರ ತಿಳಿದಿರುವ ಒಂದು ಕೆಲಸವನ್ನು ಕೇಳಿ, ಕನ್ನಡದಲ್ಲಿ ಬರೆದು ತನ್ನಿ. ಮಾವಿನ ಮಿಡಿಯ ಉಪ್ಪಿನಕಾಯಿಯಾಗಲಿ, ಅಡಿಕೆ ಹಾಳೆಯ ಟೋಪಿಯಾಗಲಿ, ಬಾವಿ ತೋಡುವ ಜಾಗ ನೋಡುವ ಕ್ರಮವಾಗಲಿ. ಒಂದೇ ಷರತ್ತು, ಪೇಟೆಂಟಿನ ಷರತ್ತು: ಓದಿದವರು ಮಾಡುವಂತಿರಬೇಕು. "ಹದವಾಗಿ ಉಪ್ಪು ಹಾಕು" ಎಂದರೆ ಪೇಟೆಂಟ್ ಕಚೇರಿ ಒಪ್ಪುವುದಿಲ್ಲ. ಅಮ್ಮನ ಹಿಡಿಯಲ್ಲಿ ಎಷ್ಟು ಚಮಚ ಹಿಡಿಸುತ್ತದೆಂದು ಅಳೆದು ಕೇಳಬೇಕು. ಕೇಳುವ ಕೆಲಸ ಮಕ್ಕಳಿಗೇ ಕೊಡಿ. ಅವರ ಕನ್ನಡ ತೊದಲಿದರೂ ಚಿಂತೆಯಿಲ್ಲ. ಮೊಮ್ಮಕ್ಕಳು ಕೇಳಿದರೆ ಹಿರಿಯರು ಹೇಳದೆ ಇರುವುದು ಕಷ್ಟ. ನಗದೆ ಕೇಳಿದರೆ ಸಾಕು.

ಊಟ ಆರುತ್ತಿದೆ.