ಕೇರೆಗೊಂದು ನೆಲೆ ಬೇಕು

(ಮಲೆನಾಡಿನ ಹಳ್ಳಿಯೊಂದರ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಹಾವಿನ ಭಯವನ್ನು ಮೂಢನಂಬಿಕೆಯೆಂದು ಹೀಗಳೆಯಲು ನಾನಿಲ್ಲಿ ನಿಂತಿಲ್ಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಗರು. ಈ ಸಾವುಗಳಲ್ಲಿ ಬಹುಪಾಲು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಬಗೆಯ ಹಾವುಗಳಿಂದ ಆಗುತ್ತವೆ. ಕೇರೆ ಈ ಪಟ್ಟಿಯಲ್ಲಿಲ್ಲ, ಅದಕ್ಕೆ ವಿಷವಿಲ್ಲ. ಆದರೂ ನಮ್ಮ ದೊಣ್ಣೆಗೆ ಮೊದಲು ಸಿಗುವುದು ಅದೇ. ಏಕೆಂದರೆ ಅದು ಹಗಲಿನಲ್ಲಿ ಸಂಚರಿಸುವ ಹಾವು, ಆರು ಅಡಿಗೂ ಮೀರಿ ಬೆಳೆಯುವ ಹಾವು, ನಮ್ಮ ಅಂಗಳದ ಅಂಚಿನಲ್ಲೇ ಬದುಕುವ ಹಾವು.

ಕೇರೆಯನ್ನು ಗುರುತಿಸುವುದು ಕಷ್ಟವಲ್ಲ. ಅದಕ್ಕೆ ಹೆಡೆಯಿಲ್ಲ. ಕಣ್ಣು ದೊಡ್ಡದು, ಪಾಪೆ ದುಂಡಗಿನದು. ತುಟಿಯ ಮೇಲೆ ಗೆರೆ ಎಳೆದಂತೆ ಕಪ್ಪು ಪಟ್ಟಿಗಳು. ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟೆಗಳು. ಬಣ್ಣ ಮಾತ್ರ ಹಳದಿಯಿಂದ ಕಂದು, ಕಪ್ಪಿನವರೆಗೂ ಬದಲಾಗುತ್ತದೆ. ಮೂಲೆಗೆ ಸಿಕ್ಕಿದಾಗ ಕೊರಳುಬ್ಬಿಸಿ ಗುರುಗುಟ್ಟುತ್ತದೆ, ಕಚ್ಚಲೂಬಹುದು. ಆದರೆ ದಾರಿಯಿದ್ದರೆ ಓಡಿಹೋಗುವುದೇ ಅದರ ಸ್ವಭಾವ.

ಅದರ ಮೇಲೆ ನಾವು ಹೊರಿಸಿರುವ ಅಪವಾದಗಳು ಹಲವು. ನಾಗರನೊಡನೆ ಕೂಡುತ್ತದೆ ಎನ್ನುತ್ತೇವೆ. ಹೆಣೆದುಕೊಂಡು ಮೇಲೇಳುವ ಆ ಜೋಡಿ ಬಹುಮಟ್ಟಿಗೆ ಹೆಣ್ಣಿಗಾಗಿ ಸೆಣಸುತ್ತಿರುವ ಎರಡು ಗಂಡು ಕೇರೆಗಳು. ಕೊಟ್ಟಿಗೆಗೆ ಬಂದು ಹಸುವಿನ ಹಾಲು ಕುಡಿಯುತ್ತದೆ ಎನ್ನುತ್ತೇವೆ. ಅದು ಬರುವುದು ಕೊಟ್ಟಿಗೆಯ ಇಲಿಗಾಗಿ. ಬಾಲದಿಂದ ಹೊಡೆದರೆ ಮೈ ಕೊಳೆಯುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಇನ್ನು ಅದರ ನೆಲೆಯ ವಿಷಯ. ಇರಾನಿನಿಂದ ಚೀನಾ, ಜಾವಾದವರೆಗೆ ಹಬ್ಬಿರುವ ಕೇರೆಗೆ ದಟ್ಟ ಕಾಡೇ ಬೇಕೆಂದಿಲ್ಲ. ಗದ್ದೆಯ ಬದು, ಹುತ್ತ, ಕಲ್ಲಿನ ಪಾಗಾರದ ಸಂದು, ತೋಟದ ಬೇಲಿ, ಬ್ಯಾಣದ ಪೊದೆ ಇವೇ ಅದರ ಮನೆ. ಬಿಲದೊಳಗೇ ನುಗ್ಗಿ ಇಲಿ ಹಿಡಿಯುತ್ತದೆ. ಬೆಕ್ಕಾಗಲಿ ಗೂಬೆಯಾಗಲಿ ಮಾಡಲಾರದ ಕೆಲಸವಿದು. ಇಂದು ಪಾಗಾರದ ಜಾಗದಲ್ಲಿ ಸಿಮೆಂಟು ಗೋಡೆ ಏಳುತ್ತಿದೆ. ಜೀವಂತ ಬೇಲಿಯ ಜಾಗಕ್ಕೆ ನೈಲಾನ್ ಬಲೆ ಬಂದಿದೆ. ಅದರಲ್ಲಿ ಸಿಲುಕಿದ ಕೇರೆ ಬಿಡಿಸಿಕೊಳ್ಳಲಾರದೆ ಸಾಯುತ್ತದೆ. ಬದುವಿನ ಹುಲ್ಲು ಕಳೆನಾಶಕಕ್ಕೆ ಒಣಗುತ್ತಿದೆ. ಇಲಿಗಿಟ್ಟ ವಿಷ ಇಲಿಯ ಮೂಲಕ ಅದನ್ನು ತಿಂದ ಪ್ರಾಣಿಯ ಹೊಟ್ಟೆಯನ್ನೂ ಸೇರುತ್ತದೆ. ಹೀಗೆ ದೊಣ್ಣೆ ಎತ್ತದೆಯೂ ಕೇರೆಯನ್ನು ಕೊಲ್ಲುವ ವಿಧಾನಗಳನ್ನು ನಾವು ಕಲಿತಿದ್ದೇವೆ.

ಇದರ ಫಲವೇನು? ಇಲಿಯನ್ನು ಹುಡುಕಿಕೊಂಡು ನಾಗರ, ಕೊಳಕುಮಂಡಲಗಳೂ ಬರುತ್ತವೆ. ಇಲಿ ತಿನ್ನುವ ವಿಷವಿಲ್ಲದ ಹಾವನ್ನು ಕೊಂದು, ಅದೇ ಇಲಿಯನ್ನು ವಿಷದ ಹಾವಿಗಾಗಿ ಉಳಿಸುವುದು ಜಾಣತನವಲ್ಲ. ಅಷ್ಟೇ ಅಲ್ಲ, ಕಾಳಿಂಗದ ಮುಖ್ಯ ಆಹಾರಗಳಲ್ಲಿ ಕೇರೆಯೂ ಒಂದು. ಪಶ್ಚಿಮಘಟ್ಟದ ಕಾಳಿಂಗವು ಬೇರೆಯೇ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ನಿರೂಪಿಸಿ, ನಮ್ಮ ಕನ್ನಡದ ಹೆಸರನ್ನೇ ಅದಕ್ಕೆ ಇಟ್ಟರು. ಆ ಹೆಸರಿಗೆ ಹೆಮ್ಮೆಪಡುವ ನಾವು ಅದರ ಅನ್ನವನ್ನು ಬದುವಿನಲ್ಲಿ ಬಡಿದು ಹಾಕಬಾರದು.

ಮಿತ್ರರೇ, ಹಾವನ್ನು ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. ಗುರುತು ಖಚಿತವಿಲ್ಲದಿದ್ದರೆ ದೂರವಿರಿ. ಯಾವ ಹಾವು ಕಚ್ಚಿದರೂ ನೇರ ಆಸ್ಪತ್ರೆಗೆ ಹೋಗಿ. ಕತ್ತಲಲ್ಲಿ ಟಾರ್ಚ್ ಹಿಡಿಯಿರಿ, ಗದ್ದೆಗಿಳಿಯುವಾಗ ಬೂಟು ತೊಡಿ. ಮನೆಯ ಸುತ್ತ ಸೌದೆ ರಾಶಿ, ಕಸ ಬೇಡ. ಆದರೆ ತೋಟದಾಚೆಯ ಪೊದೆ, ಪಾಗಾರ, ಹುತ್ತಗಳನ್ನು ಹಾಗೆಯೇ ಬಿಡಿ. ಬಳಸಿದ ಬಲೆಯನ್ನು ಸುತ್ತಿ ಒಳಗಿಡಿ. ಕೇರೆಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಗೆ ಹೆದರಿ ಅಲ್ಲ, ನಮ್ಮ ಕಣಜದ ಹಿತಕ್ಕಾಗಿಯಾದರೂ ಅದನ್ನು ಅದರ ಪಾಡಿಗೆ ಬಿಡೋಣ. ಈ ಮಳೆಗಾಲಕ್ಕೆ ಮುನ್ನ ಪ್ರತಿ ಮನೆಯೂ ತನ್ನ ಜಮೀನಿನ ಒಂದು ಬದುವನ್ನು ಕಳೆನಾಶಕ ಸೋಂಕದಂತೆ ಉಳಿಸಲಿ ಎಂಬುದು ನನ್ನ ವಿನಂತಿ.