ಒಂದೇ ಸೂರಿನ ಯಂತ್ರಗಳು, ಬೇರೆ ಬೇರೆ ಕಟ್ಟುಪಾಡುಗಳು



ಈ ವಿಚಾರ ಸಂಕಿರಣದ ವಿಷಯ ಮೇಲ್ನೋಟಕ್ಕೆ ತೀರಾ ಸಣ್ಣದು. ಒಂದು ಮನೆ. ಅಲ್ಲಿ ಕಚೇರಿಯವರು ಕೊಟ್ಟ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಮಗಳು ಡಿಸೈನ್ ಕಲಿಯಲೆಂದು ಕೊಂಡ ಮ್ಯಾಕ್ ಇದೆ, ಮೂಲೆಗೆ ಬಿದ್ದಿದ್ದ ಕಂಪ್ಯೂಟರಿಗೆ ಉಬುಂಟು ಹಾಕಿ ಮತ್ತೆ ಎಬ್ಬಿಸಿದ್ದಾರೆ, ಎಲ್ಲರ ಕೈಯಲ್ಲೂ ಒಂದೊಂದು ಫೋನಿದೆ. ಎಲ್ಲವೂ ಒಂದೇ ರೂಟರಿಗೆ ಜೋಡಣೆಯಾಗಿವೆ. ಆದರೂ ಮದುವೆಯ ವಿಡಿಯೊ ಈ ಯಂತ್ರದಿಂದ ಆ ಯಂತ್ರಕ್ಕೆ ಹೋಗಬೇಕಾದರೆ ಮನೆಯವರು ಪೆನ್‌ಡ್ರೈವ್ ಹುಡುಕುತ್ತಾರೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿ ದಾಟಿದ ಫೈಲು ಅದರೊಳಗೆ ಹೋಗುವುದೇ ಇಲ್ಲ. ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಮಸುಕಾಗಿ ಬಂದದ್ದನ್ನೇ ಒಪ್ಪಿಕೊಳ್ಳುತ್ತಾರೆ. ‘ಜನಕ್ಕೆ ಕಂಪ್ಯೂಟರ್ ಗೊತ್ತಿಲ್ಲ’ ಎಂದು ಇದಕ್ಕೆ ಷರಾ ಬರೆದು ಮುಗಿಸುವುದು ನಮ್ಮ ಕ್ಷೇತ್ರದ ಹಳೆಯ ರೂಢಿ. ಆ ಷರಾ ತಪ್ಪು ಎಂಬುದು ನನ್ನ ವಾದ. ಈ ತೊಡಕು ಬಳಸುವವರ ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ್ದಲ್ಲ, ಯಂತ್ರಗಳ ಸ್ವಭಾವದಲ್ಲೇ ಇರುವಂಥದ್ದೂ ಅಲ್ಲ. ಯಂತ್ರಗಳು ಪರಸ್ಪರ ಮಾತಾಡುವ ನಿಯಮಗಳನ್ನು ಯಾರು ಬರೆದರು, ಯಾರಿಗೆ ತೋರಿಸಿದರು, ಪೆಟ್ಟಿಗೆ ತೆರೆದ ದಿನವೇ ಅವು ಚಾಲನೆಯಲ್ಲಿ ಇದ್ದವೇ ಇಲ್ಲವೇ ಎಂಬುದರಲ್ಲಿ ಇದರ ಬೇರಿದೆ.

ಇತಿಹಾಸ ನೋಡಿ. ಇಂದು ಬಹುಪಾಲು ಮನೆಗಳಲ್ಲಿ ಫೈಲು ಹಂಚಿಕೊಳ್ಳಲು ಬಳಕೆಯಾಗುವ ಎಸ್‌ಎಂಬಿ ಎಂಬ ಪ್ರೋಟೊಕಾಲ್ ಹುಟ್ಟಿದ್ದು 1980ರ ದಶಕದ ಆರಂಭದಲ್ಲಿ, ಐಬಿಎಂ ಕಂಪನಿಯಲ್ಲಿ, ಬ್ಯಾರಿ ಫೈಗನ್‌ಬಾಮ್ ಅವರ ಕೈಯಲ್ಲಿ. ಮೈಕ್ರೋಸಾಫ್ಟ್ ಅದನ್ನು ಎತ್ತಿಕೊಂಡು ಬೆಳೆಸಿತು. ಬೆಳೆದ ಭಾಗಗಳ ಪೂರ್ಣ ವಿವರ ಹೊರಗಿನವರಿಗೆ ಸಿಗಲಿಲ್ಲ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆ್ಯಂಡ್ರ್ಯೂ ಟ್ರಿಡ್ಜೆಲ್ ಮಾಡಿದ ಕೆಲಸ ಇಲ್ಲಿ ಮುಖ್ಯ. ಡಾಸ್ ಯಂತ್ರವೂ ಡಿಜಿಟಲ್ ಎಂಬ ಕಂಪನಿಯ ಸರ್ವರೂ ತಂತಿಯ ಮೇಲೆ ಏನು ಕಳಿಸಿಕೊಳ್ಳುತ್ತಿವೆ ಎಂಬುದನ್ನು ಅವರು ಒಂದೊಂದು ಪೊಟ್ಟಣವಾಗಿ ಹಿಡಿದು ನೋಡಿದರು. ಅದೇ ಉತ್ತರಗಳನ್ನು ಕೊಡುವ ಯೂನಿಕ್ಸ್ ಸರ್ವರ್ ಒಂದನ್ನು ಬರೆದರು. ಫ್ರೆಂಚ್ ಬಾರದವನು ಹೋಟೆಲಿನಲ್ಲಿ ಕೂತು, ಗಿರಾಕಿ ಏನು ಹೇಳಿದರೆ ಮೇಜಿಗೆ ಏನು ಬರುತ್ತದೆ ಎಂದು ಗಮನಿಸುತ್ತ ಭಾಷೆ ಕಲಿತ ಹಾಗೆ ಎಂದು ಈ ವಿಧಾನವನ್ನು ಅವರೇ ಮುಂದೆ ವಿವರಿಸಿದ್ದಾರೆ. ಆಮೇಲೆ ಆ ಕೆಲಸ ಬದಿಗೆ ಸರಿಯಿತು. ಅದಕ್ಕೆ ಮತ್ತೆ ಜೀವ ಬಂದದ್ದು ಸುಮಾರು ಎರಡು ವರ್ಷದ ಮೇಲೆ, ಹೆಂಡತಿಯ ಪಿಸಿಯನ್ನು ತಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಬೇಕೆಂದು ಅವರಿಗೆ ಅನಿಸಿದಾಗ. ಮುಂದೆ ಸಾಂಬಾ ಎಂದು ಹೆಸರಾದ ತಂತ್ರಾಂಶ ಹೀಗೆ ಮನೆಯೊಳಗಿನ ಅಗತ್ಯದಿಂದಲೇ ಎರಡನೆಯ ಬಾರಿ ಎದ್ದು ನಿಂತಿತು. ಇದು ಜಾಣ್ಮೆಯ ಕಥೆ ಎಂದು ಹೊಗಳುವುದು ಸುಲಭ. ಆದರೆ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಕದ್ದಾಲಿಸಿ ಕಲಿಯಬೇಕಾಗಿ ಬಂದದ್ದು ಒಂದು ದಾಖಲೆಯಲ್ಲಿ ಹೇಳಬಹುದಾಗಿದ್ದ ಸಂಗತಿಗಳನ್ನು. ಕಷ್ಟ ವಿಷಯದಲ್ಲಿ ಇರಲಿಲ್ಲ.

ನಿಯಮಗಳು ಹೊರಗೆ ಬಂದದ್ದಾದರೂ ಹೇಗೆ? 1998ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಯುರೋಪಿಯನ್ ಕಮಿಷನ್‌ಗೆ ಮೈಕ್ರೋಸಾಫ್ಟ್ ವಿರುದ್ಧ ದೂರು ಕೊಟ್ಟಿತು. 2004ರ ಮಾರ್ಚ್‌ನಲ್ಲಿ ಕಮಿಷನ್ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಬೇರೆಯವರ ಸರ್ವರ್‌ಗಳು ವಿಂಡೋಸ್ ಜೊತೆ ಕೆಲಸ ಮಾಡಲು ಬೇಕಾದ ವಿವರಗಳನ್ನು ಬಹಿರಂಗಪಡಿಸಬೇಕೆಂದು ಆದೇಶಿಸಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ 10,000 ಯೂರೋ ಕೊಟ್ಟು ಆ ದಾಖಲೆಗಳನ್ನು ನೋಡುವ ಹಕ್ಕು ಸಾಂಬಾ ತಂಡಕ್ಕೆ ದೊರೆಯಿತು. 2008ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ 30,000 ಪುಟಗಳಿಗೂ ಮೀರಿದ ಪ್ರೋಟೊಕಾಲ್ ವಿವರಗಳನ್ನು ಎಲ್ಲರಿಗೂ ತೆರೆಯುವುದಾಗಿ ಪ್ರಕಟಿಸಿತು. ಆಮೇಲಿನ ಐದಾರು ವರ್ಷಗಳಲ್ಲಿ ಆದದ್ದನ್ನು ಗಮನಿಸಿ. 2012ರಲ್ಲಿ ಸಾಂಬಾ 4.0 ಬಂತು, 2013ರಲ್ಲಿ ಆಪಲ್ ತನ್ನದೇ ಎಎಫ್‌ಪಿ ಪ್ರೋಟೊಕಾಲನ್ನು ಹಿಂದಕ್ಕೆ ಸರಿಸಿ ಎಸ್‌ಎಂಬಿ2 ಅನ್ನು ಮ್ಯಾಕ್‌ನ ಮೊದಲ ಆಯ್ಕೆ ಮಾಡಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಒಂದೇ ನಿಯಮಕ್ಕೆ ಬಂದವು. ಅವುಗಳ ಒಳರಚನೆ ಹಾಗೇ ಉಳಿಯಿತು, ಡಿಸ್ಕಿನ ವಿನ್ಯಾಸವೂ ಬೇರೆ ಬೇರೆಯಾಗಿಯೇ ಇತ್ತು. ಇವೆಲ್ಲಕ್ಕೂ ಆ ತೀರ್ಪೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಬದಲಾದ ಮುಖ್ಯ ಸಂಗತಿ, ನಿಯಮ ಎಲ್ಲರ ಮೇಜಿನ ಮೇಲೆ ಬಂದದ್ದು.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಬಹಿರಂಗಪಡಿಸಿದ ಮಾತ್ರಕ್ಕೆ ಸಾಕಾಗುವುದಾದರೆ, 1984ರಲ್ಲೇ ಸನ್ ಕಂಪನಿ ತಂದ ಎನ್‌ಎಫ್‌ಎಸ್ ಎಂಬ ಫೈಲು ಹಂಚಿಕೆಯ ಪ್ರೋಟೊಕಾಲ್ ಯಾಕೆ ಮನೆಗಳನ್ನು ಗೆಲ್ಲಲಿಲ್ಲ? ಅದರ ವಿವರ 1989ರಲ್ಲೇ ಆರ್‌ಎಫ್‌ಸಿ 1094 ಎಂಬ ದಾಖಲೆಯಾಗಿ ಪ್ರಕಟವಾಗಿತ್ತು, ಯಾರು ಬೇಕಾದರೂ ಓದಬಹುದಿತ್ತು. ಆಕ್ಷೇಪಣೆ ನ್ಯಾಯವಾದದ್ದೇ, ನನ್ನ ವಾದವನ್ನು ಅದು ಸ್ವಲ್ಪ ತಿದ್ದುತ್ತದೆ ಕೂಡ. ಎನ್‌ಎಫ್‌ಎಸ್ ಹುಟ್ಟಿದ್ದು ಒಬ್ಬ ಆಡಳಿತಗಾರ ಎಲ್ಲ ಯಂತ್ರಗಳನ್ನೂ ನೋಡಿಕೊಳ್ಳುವ ಸಂಸ್ಥೆಗಳಿಗಾಗಿ. ಅದರ ಸಾಮಾನ್ಯ ಏರ್ಪಾಡಿನಲ್ಲಿ ಬಳಕೆದಾರನನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಉಬುಂಟುವಿನಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000, ಮ್ಯಾಕ್‌ನಲ್ಲಿ 501. ಹಾಗಾಗಿ ಒಬ್ಬರೇ ವ್ಯಕ್ತಿ ಎರಡೂ ಯಂತ್ರಗಳಲ್ಲಿ ಕೂತರೂ, ತಮ್ಮದೇ ಫೋಲ್ಡರಿನ ಮುಂದೆ ಪರಕೀಯರಾಗುತ್ತಾರೆ. ಇನ್ನು ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಎನ್‌ಎಫ್‌ಎಸ್ ಕ್ಲೈಂಟ್ ಇಲ್ಲವೇ ಇಲ್ಲ. ಆದ್ದರಿಂದ ವಾದವನ್ನು ಹೀಗೆ ಬಿಗಿಮಾಡುತ್ತೇನೆ: ನಿಯಮ ಪ್ರಕಟವಾಗಿರಬೇಕು, ಜೊತೆಗೆ ಅತಿ ಹೆಚ್ಚು ಮಾರಾಟವಾಗುವ ಯಂತ್ರದಲ್ಲಿ ಅದು ಅಂಗಡಿಯಿಂದ ಬರುವಾಗಲೇ ಇರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಮನೆಯವರ ಪಾಲಿಗೆ ಎರಡೂ ಇಲ್ಲದ ಹಾಗೇ.

ಎರಡನೆಯ ಆಕ್ಷೇಪಣೆ ಭದ್ರತೆಯದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯ ಮೂಲಕವೇ. ಬಾಗಿಲು ತೆರೆದಿಟ್ಟರೆ ಕಳ್ಳ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಆ ಬಿರುಕು ಇದ್ದದ್ದು ಮೈಕ್ರೋಸಾಫ್ಟ್ ಬರೆದ ಕೋಡಿನಲ್ಲಿ. ಆ ಕೋಡನ್ನು ಮೈಕ್ರೋಸಾಫ್ಟ್ ಪ್ರಕಟಿಸಿರಲಿಲ್ಲ. ದುರಸ್ತಿ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ಮೇ ತಿಂಗಳಲ್ಲಿ ಸಾಂಬಾದಲ್ಲೂ ಒಂದು ಗಂಭೀರ ದೋಷ ಪತ್ತೆಯಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮುಕ್ತವೋ ಮುಚ್ಚಿದ್ದೋ, ಕೋಡಿನಲ್ಲಿ ದೋಷ ಇರುತ್ತದೆ. ನಾವು ಇಲ್ಲಿ ಚರ್ಚಿಸಬೇಕಾದದ್ದು ದುರಸ್ತಿಯ ನಂತರ ಮನೆಯಲ್ಲಿ ಏನಾಯಿತು ಎಂಬುದನ್ನು. 2017ರ ಕೊನೆಯ ಹೊತ್ತಿಗೆ ವಿಂಡೋಸ್ 10 ಹೊಸದಾಗಿ ಹಾಕಿದಾಗ ಎಸ್‌ಎಂಬಿ1 ಬರುವುದು ನಿಲ್ಲತೊಡಗಿತು. ನಿಲ್ಲಿಸಿದ್ದು ಸರಿ. ಆದರೆ ನೆಟ್‌ವರ್ಕ್ ಕಿಟಕಿಯಲ್ಲಿ ಅಕ್ಕಪಕ್ಕದ ಯಂತ್ರಗಳ ಹೆಸರು ತೋರಿಸುತ್ತಿದ್ದ ಹಳೆಯ ವ್ಯವಸ್ಥೆಯೂ ಅದನ್ನೇ ನೆಚ್ಚಿಕೊಂಡಿತ್ತು. ಅದೂ ಜೊತೆಗೆ ಹೋಯಿತು. ಬದಲಿಗೆ ವಿಂಡೋಸ್ ಡಬ್ಲ್ಯುಎಸ್-ಡಿಸ್ಕವರಿಯನ್ನು ಬಳಸತೊಡಗಿತು, ಮ್ಯಾಕ್ ತನ್ನ ಬಾನ್‌ಜೂರ್ ಬಿಡಲಿಲ್ಲ, ಸಾಂಬಾದಲ್ಲಿ ವಿಂಡೋಸ್‌ನ ಆ ಸೌಲಭ್ಯ ಇಲ್ಲದ್ದರಿಂದ ಲಿನಕ್ಸ್‌ನವರು ಬೇರೆಯೇ ಒಂದು ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಬೇಕಾಯಿತು. ಹೀಗಾಗಿ ಹಂಚಿದ ಫೋಲ್ಡರ್ ಇದೆ, ಪಾಸ್‌ವರ್ಡ್ ಸರಿಯಿದೆ, ಯಂತ್ರದ ಹೆಸರು ಮಾತ್ರ ಪಟ್ಟಿಯಲ್ಲಿ ಕಾಣುವುದಿಲ್ಲ. ಗೊತ್ತಿದ್ದವರು ವಿಂಡೋಸ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಐಪಿ ವಿಳಾಸ ಟೈಪಿಸಿ ಒಳಗೆ ಹೋಗುತ್ತಾರೆ. ಮ್ಯಾಕ್‌ನಲ್ಲಿ ಅದೇ ವಿಳಾಸಕ್ಕೆ ಮುಂದೆ ಎಸ್‌ಎಂಬಿ ಎಂದು ಬರೆದು, ಕೋಲನ್ ಹಾಕಿ, ಗೆರೆಗಳನ್ನು ಇನ್ನೊಂದು ಕಡೆಗೆ ವಾಲಿಸಬೇಕು. ಗೊತ್ತಿಲ್ಲದವರು ಪೆನ್‌ಡ್ರೈವ್ ಹುಡುಕುತ್ತಾರೆ. ಯಾವ ದಡ್ಡತನವೂ ಇಲ್ಲಿಲ್ಲ. ಭದ್ರತೆಗಾಗಿ ಹಳೆಯದನ್ನು ಕಿತ್ತವರು, ಹೊಸದರ ಬಗ್ಗೆ ಪರಸ್ಪರ ಒಂದು ಮಾತು ಆಡಿಕೊಳ್ಳಲಿಲ್ಲ, ಅಷ್ಟೇ.

ಹೆಸರಿನ ಮಾತು ಬಂದದ್ದರಿಂದ, ಕನ್ನಡದಲ್ಲಿ ಫೈಲಿಗೆ ಹೆಸರಿಡುವವರ ಪಾಡನ್ನು ಹತ್ತಿರದಿಂದ ನೋಡೋಣ. ಸಂಕಿರಣಗಳಲ್ಲಿ ಇದು ಚರ್ಚೆಗೆ ಬರುವುದೇ ಅಪರೂಪ. ‘ಫೋಟೋ’ ಎಂದು ಒಂದು ಫೋಲ್ಡರಿಗೆ ಹೆಸರಿಟ್ಟಿರಿ ಎನ್ನಿ. ಯೂನಿಕೋಡ್‌ನಲ್ಲಿ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಉದ್ದದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ‘ಫೋಟೋ’ ನಾಲ್ಕು ಸಂಕೇತ, ಯುಟಿಎಫ್-8ರಲ್ಲಿ 12 ಬೈಟು. ಎರಡನೆಯ ರೀತಿಯಲ್ಲಿ ಎಂಟು ಸಂಕೇತ, 24 ಬೈಟು. ಪರದೆಯ ಮೇಲೆ ಎರಡೂ ಒಂದೇ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಮೊದಲ ರೂಪ ಉಳಿಯುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿದ್ದವು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಬೈಟುಗಳನ್ನಷ್ಟೇ ಹೋಲಿಸುತ್ತದೆ. ಫಲವಾಗಿ, ನಕಲು ಮಾಡುವ ದಾರಿಯಲ್ಲಿ ಯಾರೂ ರೂಪ ಸರಿಪಡಿಸದಿದ್ದರೆ, ಒಂದೇ ಜಾಗದಲ್ಲಿ ‘ಫೋಟೋ’ ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕ ಕೂತಿರುತ್ತವೆ, ಹುಡುಕಿದರೆ ಒಂದು ಸಿಗುತ್ತದೆ ಇನ್ನೊಂದು ಸಿಗುವುದಿಲ್ಲ. ಮತ್ತೂ ಇದೆ. ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕಾದ್ದರಿಂದ ನಮಗೆ ದಕ್ಕುವುದು 85 ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಕನ್ನಡಕ್ಕೂ 255 ಸಿಗುತ್ತದೆ. ವಿಂಡೋಸ್‌ನಲ್ಲಿ ನಿರಾಳವಾಗಿ ಕೂತಿದ್ದ ಉದ್ದ ಶೀರ್ಷಿಕೆಯ ಲೇಖನವೊಂದು ಲಿನಕ್ಸ್ ಪೆಟ್ಟಿಗೆಗೆ ನಕಲಾಗುವಾಗ ಅರ್ಧದಾರಿಯಲ್ಲಿ ನಿಲ್ಲುವುದು ಈ ಕಾರಣಕ್ಕೆ. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಇವೆರಡೂ ಗೊತ್ತಾಗುವುದೇ ಇಲ್ಲ. ‘ಫೈಲಿಗೆ ಇಂಗ್ಲಿಷಿನಲ್ಲೇ ಹೆಸರಿಡಿ’ ಎಂಬ ಅಂಗಡಿಯವರ ಸಲಹೆ ವ್ಯವಹಾರಕ್ಕೆ ಸರಿಯಿರಬಹುದು, ವಿದ್ವತ್ತಿನ ಉತ್ತರ ಅದಲ್ಲ.

ಇಷ್ಟೆಲ್ಲ ಯಾಕೆ, ಕ್ಲೌಡ್ ಇದೆಯಲ್ಲ ಎನ್ನುವವರಿಗೂ ಉತ್ತರ ಹೇಳಬೇಕು. ಮಗ ಅಮೆರಿಕದಲ್ಲಿ, ತಂದೆತಾಯಿ ಶಿವಮೊಗ್ಗದಲ್ಲಿ ಇದ್ದಾಗ ಕ್ಲೌಡ್ ಬಿಟ್ಟರೆ ಬೇರೆ ಒಳ್ಳೆಯ ದಾರಿಯಿಲ್ಲ, ಒಪ್ಪುತ್ತೇನೆ. ಪಕ್ಕದ ಕೋಣೆಗೆ ಅದೇಕೆ? 10 ಜಿಬಿ ವಿಡಿಯೊ ಗಿಗಾಬಿಟ್ ತಂತಿಯ ಮೇಲೆ ಸುಮಾರು ಒಂದೂವರೆ ನಿಮಿಷದಲ್ಲಿ ದಾಟುತ್ತದೆ. 100 ಎಂಬಿಪಿಎಸ್ ಇಂಟರ್‌ನೆಟ್‌ನಲ್ಲಿ, ಮೇಲೇರುವ ವೇಗವೂ ಅಷ್ಟೇ ಇದೆ ಎಂದುಕೊಂಡರೂ, ಹೋಗಲು 13 ನಿಮಿಷ, ಬರಲು ಮತ್ತೆ 13. ಗೂಗಲ್ ಪುಕ್ಕಟೆ ಕೊಡುವ ಜಾಗ 15 ಜಿಬಿ. ಅಂಥ ಎರಡು ವಿಡಿಯೊ ಅಲ್ಲಿ ಹಿಡಿಯುವುದಿಲ್ಲ. ವೇಗಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮನೆಯೊಳಗಿನ ಎರಡು ಯಂತ್ರಗಳ ನಡುವಿನ ವ್ಯವಹಾರಕ್ಕೆ ಮೂರನೆಯವರ ಖಾತೆ, ಷರತ್ತು, ಚಂದಾ ಬೇಕಾಗುವುದು ಆ ಯಂತ್ರಗಳು ನೇರ ಮಾತಾಡದೇ ಇದ್ದುದರ ಪರಿಣಾಮ. ಅದನ್ನೇ ಪರಿಹಾರ ಎಂದು ಮಾರಲಾಗುತ್ತಿದೆ.

ಹಳೆಯ ಕಥೆ ಫೋನುಗಳಲ್ಲಿ ಮತ್ತೆ ನಡೆದಿದೆ. ಆಪಲ್‌ನ ಏರ್‌ಡ್ರಾಪ್ 2011ರಲ್ಲಿ ಬಂದಾಗ ಆಪಲ್ ಯಂತ್ರಗಳ ನಡುವೆ ಮಾತ್ರ ಕೆಲಸ ಮಾಡುತ್ತಿತ್ತು. ಐಫೋನಿನ ಫೈಲ್ಸ್ ಆ್ಯಪ್‌ಗೆ ಎಸ್‌ಎಂಬಿ ಸೇರಲು 2019 ಆಗಬೇಕಾಯಿತು. ಕಂಪ್ಯೂಟರುಗಳಲ್ಲೂ ಅದು ನಿಂತಿಲ್ಲ: 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಎಸ್‌ಎಂಬಿಯ ಭದ್ರತಾ ಷರತ್ತುಗಳನ್ನು ಇನ್ನಷ್ಟು ಬಿಗಿಮಾಡಿತು. ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ತೆರೆದುಕೊಳ್ಳುತ್ತಿದ್ದ ಎಷ್ಟೋ ಹಳೆಯ ಸ್ಟೋರೇಜ್ ಪೆಟ್ಟಿಗೆಗಳು ಮತ್ತೊಮ್ಮೆ ಕೈತಪ್ಪಿದವು. ಆದ್ದರಿಂದ ಈ ಸಂಕಿರಣದಲ್ಲಿ ಮಂಡನೆಯಾಗುವ ಪ್ರಬಂಧಗಳು ವೇಗದ ಕೋಷ್ಟಕಗಳಲ್ಲಿ ಮುಗಿಯದಿರಲಿ. ನಿಮ್ಮ ಪ್ರಯೋಗಾಲಯದಲ್ಲಿ ಒಂದು ವಿಂಡೋಸ್, ಒಂದು ಮ್ಯಾಕ್, ಒಂದು ಲಿನಕ್ಸ್, ಒಂದು ಆಂಡ್ರಾಯ್ಡ್ ಫೋನ್ ಇಡಿ. ಯಾವ ಸೆಟ್ಟಿಂಗನ್ನೂ ಮುಟ್ಟದೆ, ಕಂಪ್ಯೂಟರ್ ಓದದ ಒಬ್ಬರನ್ನು ಕೂರಿಸಿ, ಕನ್ನಡ ಹೆಸರಿನ ಫೋಲ್ಡರೊಂದನ್ನು ನಾಲ್ಕೂ ಯಂತ್ರಗಳಿಗೆ ದಾಟಿಸಲು ಹೇಳಿ. ಅವರು ಎಲ್ಲೆಲ್ಲಿ ತಡೆದು ನಿಂತರು ಎಂಬುದನ್ನು ಬರೆದುಕೊಂಡು, ಆ ತಡೆ ಯಾವ ತಯಾರಕರ ಯಾವ ತೀರ್ಮಾನದಿಂದ ಬಂತು ಎಂದು ಹೆಸರಿಸಿ ದೋಷವರದಿ ಕಳಿಸಿ, ಅದನ್ನು ಕನ್ನಡದಲ್ಲೂ ಪ್ರಕಟಿಸಿ. ಆ ವರದಿಗಳ ಮೊದಲ ಕಂತು ಈ ಸಂಕಿರಣದ ನಡಾವಳಿಯಲ್ಲೇ ಅಚ್ಚಾಗಲಿ ಎಂದು ಕೇಳಿಕೊಳ್ಳುತ್ತೇನೆ.